ಮುಂದಕ್ಕೆ ಹೋಗಮ್ಮ

ಬಾಗಿಲಿಗೆ ಬಂದವರಿಗೆ ನಮ್ಮ ಕಡೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ಹೊಸ್ತಿಲ ಮೇಲೆ ನಿಂತು ಇಲ್ಲ ಎಂದರೆ ಮನೆಯಲ್ಲಿ ನಿಜವಾಗಿಯೂ ಇಲ್ಲವಾಗಿಬಿಡುತ್ತದೆ ಎಂಬ ಹೆದರಿಕೆ. ಅದಕ್ಕೇ ‘ಮುಂದಕ್ಕೆ ಹೋಗಮ್ಮ’ ಎನ್ನುತ್ತಾರೆ. ಭಿಕ್ಷೆಗೆ ಬಂದವರಿಗೂ ಅದೇ ಮಾತು, ಚಂದಾ ಕೇಳಲು ಬಂದವರಿಗೂ ಅದೇ ಮಾತು, ನನ್ನ ಹಾಗೆ ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು ಬಂದವರಿಗೂ ಅದೇ. ಚಿಂತಾಮಣಿಯ ತೆಲುಗು ಮನೆಗಳಲ್ಲಿ ‘ಮುಂದರಿಕಿ ಪೋಮ್ಮಾ’ ಎನ್ನುತ್ತಾರೆ. ಮುರುಗಮಲ್ಲದಲ್ಲಿ ದರ್ಗಾದ ಹಿಂದಿನ ಬೀದಿಗೆ ಹೋದರೆ ‘ಆಗೇ ಜಾವ್ ಅಮ್ಮಾ’. ನನ್ನ ಕಾಲಿಗೆ ಮೂರು ಭಾಷೆಯೂ ಬರುತ್ತದೆ.

ಮಾತು ಒಂದೇ ಆದರೂ ಹೇಳುವ ದನಿಯಲ್ಲಿ ವ್ಯತ್ಯಾಸವಿದೆ. ಒಲೆಯ ಮೇಲೆ ಹಾಲಿಟ್ಟು ಓಡಿ ಬಂದವರು ಹೇಳುವುದು ಒಂದು ಥರ, ಟೀವಿ ಮುಂದೆ ಕೂತಲ್ಲಿಂದಲೇ ಹೇಳುವುದು ಇನ್ನೊಂದು ಥರ. ಕಿಟಕಿಯ ಪರದೆಯನ್ನು ಒಂದಿಷ್ಟು ಸರಿಸಿ, ಬಾಯಿ ತೆರೆಯದೆ, ಕೈಯನ್ನು ಮಾತ್ರ ಮುಂದಕ್ಕೆ ಬೀಸುವವರೂ ಇದ್ದಾರೆ. ನಾನು ಯಾರ ಮೇಲೂ ಸಿಟ್ಟು ಮಾಡಿಕೊಂಡವಳಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಸಿಟ್ಟು ಬರುತ್ತದೆ. ಆದರೆ ಪಕ್ಕದ ಮನೆಯ ಗೇಟು ಸಿಗುವಷ್ಟರಲ್ಲಿ ಅದನ್ನು ನುಂಗಿಕೊಳ್ಳಬೇಕು. ಮುಖ ಗಂಟು ಹಾಕಿಕೊಂಡು ನೈಟಿ ಮಾರಲಾಗುವುದಿಲ್ಲ.

ನಾನು ಹುಟ್ಟಿದ್ದು ಗೌರಿಬಿದನೂರಿನ ಒಬ್ಬ ಗುಮಾಸ್ತರ ಮನೆಯಲ್ಲಿ. ಪಿಯುಸಿ ಮುಗಿಸಿದ ಮೇಲೆ ಶಿಡ್ಲಘಟ್ಟದ ಬಟ್ಟೆ ಅಂಗಡಿಯವರಿಗೆ ಕೊಟ್ಟು ಮದುವೆ ಮಾಡಿದರು. ಅಂಗಡಿ ಎಂದರೆ ದೊಡ್ಡದೇನಲ್ಲ. ಲಂಗ, ರವಿಕೆ ಬಟ್ಟೆ, ಟವೆಲು, ಲುಂಗಿ, ಮಕ್ಕಳ ಚಡ್ಡಿ. ರೇಷ್ಮೆಗೂಡು ಮಾರಿ ಸಂಜೆ ಊರಿಗೆ ಹೊರಡುವ ರೈತರು ಹೆಂಡತಿಗೊಂದು ಲಂಗ, ತಮಗೊಂದು ಟವೆಲು ಅಂತ ಕೊಂಡು ಹೋಗುತ್ತಿದ್ದರು. ನಮ್ಮ ಯಜಮಾನರು ಬೆಳಗ್ಗೆ ಗಾದಿಯ ಮೇಲೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುತ್ತಿದ್ದುದು. ಗಿರಾಕಿ ಬಂದರೂ ಕೂತೇ ಬಟ್ಟೆ ಎಳೆದು, ಬಿಚ್ಚಿ, ತೋರಿಸಿ, ಮತ್ತೆ ಮಡಿಸಿ ಇಡುತ್ತಿದ್ದರು.

“ವ್ಯಾಪಾರ ಅಂದ್ರೆ ಕೂತ್ಕೊಳ್ಳೋದು ಕಣೇ,” ಎನ್ನುವುದು ಅವರ ಮಾತು. “ಜಾಗ ಬಿಟ್ಟು ಎದ್ದೋನ್ನ ಯಾರೂ ವ್ಯಾಪಾರಸ್ಥ ಅನ್ನಲ್ಲ.”

ಅವರು ಏಳದಿದ್ದರೂ ಅಂಗಡಿ ಎದ್ದಿತು. ಮಳಿಗೆಯ ಮಾಲೀಕರು ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತೇವೆಂದು ಖಾಲಿ ಮಾಡಿಸಿದರು. ಉಳಿದ ಬಟ್ಟೆಯನ್ನೆಲ್ಲ ಮನೆಗೆ ತಂದು ಮಂಚದ ಮೇಲೆ ಪೇರಿಸಿದೆವು. ನಾವು ಚಾಪೆಗೆ ಇಳಿದೆವು. ಯಜಮಾನರು ಆ ಮಂಚದ ಎದುರಿಗೇ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಗಿರಾಕಿ ಮಲಗುವ ಕೋಣೆಗೆ ಬರುತ್ತಾರೆಯೇ? ನೋಡಿ ನೋಡಿ ನನಗೇ ಬೇಜಾರು ಹಿಡಿಯಿತು. ಒಂದು ಬೆಳಗ್ಗೆ ಹಳೆಯ ಬೆಡ್‌ಶೀಟೊಂದನ್ನು ಹಾಸಿ, ಲಂಗ, ನೈಟಿ, ರವಿಕೆ ಬಟ್ಟೆಗಳನ್ನು ಅದರಲ್ಲಿಟ್ಟು ಗಂಟು ಕಟ್ಟಿದೆ. ಅವರು ತಡೆಯಲಿಲ್ಲ. ಗಂಟಿನ ಒಂದು ಕೊನೆ ಸಡಿಲವಾಗಿದೆ ಎಂದು ಬಂದು ಬಿಗಿ ಮಾಡಿಕೊಟ್ಟರು. ಅವತ್ತಿನಿಂದ ಇವತ್ತಿನವರೆಗೆ ಸಂಜೆ ನಾನು ಬಂದ ಮೇಲೆ, ಗಿರಾಕಿಗಳು ಕೆದರಿದ ಬಟ್ಟೆಯನ್ನೆಲ್ಲ ಮತ್ತೆ ಅಂಗಡಿಯ ಮಡಿಕೆಗೆ ತರುವುದು ಅವರ ಕೆಲಸ. ಆ ಕೆಲಸವನ್ನೂ ಅವರು ಕೂತೇ ಮಾಡುತ್ತಾರೆ.

ಹೀಗೆ ನನ್ನ ತಿರುಗಾಟ ಶುರುವಾಯಿತು. ಒಂದು ದಿನ ಚಿಕ್ಕಬಳ್ಳಾಪುರ, ಒಂದು ದಿನ ಚಿಂತಾಮಣಿ, ಒಂದು ದಿನ ಮಂಚೇನಹಳ್ಳಿಯ ಮೇಲೆ ಗೌರಿಬಿದನೂರು, ಉಳಿದ ದಿನ ನಮ್ಮೂರಿನ ಓಣಿಗಳು. ಬಸ್ಸಿನ ಕಂಡಕ್ಟರುಗಳಿಗೆ ನನ್ನ ಗಂಟು ಎಲ್ಲಿಡಬೇಕೆಂದು ಗೊತ್ತಿದೆ. ಹಳೆಯ ಬೀದಿಗಳಲ್ಲಿ ವ್ಯಾಪಾರ ಕಡಿಮೆ, ಅಲ್ಲಿನವರಿಗೆ ತಿರುವಿನಲ್ಲೇ ಅಂಗಡಿ ಇರುತ್ತದೆ. ಅಲ್ಲೆಲ್ಲ ನಡೆದದ್ದು ಬಸ್ಸಿನ ಖರ್ಚಿಗೆ, ಟೀಗೆ ಸರಿಹೋಗುತ್ತಿತ್ತು. ನಮ್ಮ ಮನೆ ನಡೆಯುತ್ತಿದ್ದುದು ಒಂದೇ ಒಂದು ಬಡಾವಣೆಯಿಂದ. ಈ ನಾಲ್ಕೂರಲ್ಲಿ ಒಂದರ ಹೊರಗೆ, ಬೈಪಾಸಿನ ಪಕ್ಕ ಎದ್ದ ಹೊಸ ಬಡಾವಣೆ ಅದು. ಯಾವ ಊರೆಂದು ಹೇಳುವುದಿಲ್ಲ. ನಾಳೆಯೂ ನಾನು ಅಲ್ಲಿಗೆ ಹೋಗಬೇಕು.

ಅಲ್ಲಿರುವವರು ಮೇಷ್ಟ್ರುಗಳು, ಬ್ಯಾಂಕಿನವರು, ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡು ಇಲ್ಲಿ ಮನೆ ಕಟ್ಟಿದವರು, ದಿನಾ ಬೆಂಗಳೂರಿಗೆ ಹೋಗಿ ಬರುವವರು. ಹಗಲು ಮನೆಯಲ್ಲಿ ಹೆಂಗಸರು ಮಾತ್ರ. ಪೇಟೆ ದೂರ, ಒಂದು ಲಂಗಕ್ಕೋಸ್ಕರ ಆಟೋ ಮಾಡಿಕೊಂಡು ಯಾರು ಹೋಗುತ್ತಾರೆ? ಫೋನಿನಲ್ಲಿ ತರಿಸಿದರೆ ಅಳತೆ ಸರಿಹೋಗುವುದಿಲ್ಲ. ನಾನು ಹೋದರೆ ಒಬ್ಬರ ಜಗಲಿಯಲ್ಲಿ ಗಂಟು ಬಿಚ್ಚಿದ ತಕ್ಷಣ ಆಚೆ ಈಚೆ ಮನೆಯವರು ಕೈ ಒರೆಸಿಕೊಂಡು ಬಂದು ಸೇರುತ್ತಿದ್ದರು. ಅಲ್ಲಿ ನನಗೆ ‘ಮುಂದಕ್ಕೆ ಹೋಗಮ್ಮ’ ಕೇಳಿಸುತ್ತಿದ್ದುದು ಅಪರೂಪಕ್ಕೆ.

ಅದರಲ್ಲೂ ಮೂಲೆಯ ಮನೆ. ಬೂದು ಬಣ್ಣದ ಗೇಟು, ಒಳಗೆ ತುಳಸಿಕಟ್ಟೆ, ರಿಟೈರಾದ ಮೇಷ್ಟ್ರು, ಅವರ ಹೆಂಡತಿ. ಆ ಅಮ್ಮ ನನ್ನನ್ನು ಜಗಲಿಯಲ್ಲಿ ಕೂರಿಸಿದವರಲ್ಲ. ಒಳಗೆ ಕರೆದು ಫ್ಯಾನು ಹಾಕುತ್ತಿದ್ದರು. ತಾವು ಕುಡಿಯುವ ಲೋಟದಲ್ಲೇ ಕಾಫಿ ಕೊಡುತ್ತಿದ್ದರು. ಇಬ್ಬರಿಗೂ ಮಂಡಿ ನೋವು. ಯಾವ ಎಣ್ಣೆ ಹಚ್ಚಿದರೆ ರಾತ್ರಿ ನಿದ್ದೆ ಬರುತ್ತದೆ, ಯಾವ ಡಾಕ್ಟರು ಬರೀ ಎಕ್ಸ್‌ರೇ ಬರೆಯುತ್ತಾರೆ ಎಂದೆಲ್ಲ ಮಾತಾಡುತ್ತಿದ್ದೆವು. ಅವರ ಲಂಗದ ಉದ್ದ ನನಗೆ ಬಾಯಿಪಾಠ. ಅವರಿಗೆ ನೀಲಿ ಹಿಡಿಸುವುದಿಲ್ಲ. ಹೆಗಲು ಹಿಡಿದುಕೊಂಡ ಮೇಲೆ ಮುಂದೆ ಗುಂಡಿ ಇರುವ ನೈಟಿಯೇ ಬೇಕು. ಮಗಳ ಜೊತೆ ಫೋನಿನಲ್ಲಿ ಮುನಿಸಿಕೊಂಡ ದಿನ ಅವರು ಏನನ್ನೂ ಕೊಳ್ಳುವುದಿಲ್ಲ, ಆದರೆ ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಾರೆ. ಇಷ್ಟೆಲ್ಲ ಗೊತ್ತು, ಅವರ ಹೆಸರು ಗೊತ್ತಿರಲಿಲ್ಲ. ನನ್ನ ಹೆಸರನ್ನು ಅವರೂ ಕೇಳಿರಲಿಲ್ಲ. ಅವರಿಗೆ ನಾನು ಬಟ್ಟೆಯಮ್ಮ, ಅವರು ನನಗೆ ಅಮ್ಮ. ಎದುರು ಮನೆಯ ಹುಡುಗಿಯರಿಗೆ ನಾನು ನೈಟಿ ಆಂಟಿ. ನಮ್ಮಲ್ಲಿ ಹಾಗೆಯೇ. ದೊಡ್ಡವರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಕರೆಯದ ಮೇಲೆ ಕೇಳಿ ಏನಾಗಬೇಕು? ಹೆಸರು ಕೇಳುವುದು ಪೊಲೀಸರು, ಇಲ್ಲವೇ ಜನಗಣತಿಯವರು.

ಆಮೇಲೆ ಆ ಊರಿಗೆ ಚಿನ್ನ ಪಾಲಿಶ್ ಮಾಡುವವರು ಬಂದರು. ಸರಕ್ಕೆ ಹೊಳಪು ಕೊಡುತ್ತೇವೆಂದು ನಂಬಿಸಿ, ಯಾವುದೋ ನೀರಿನಲ್ಲಿ ಅದ್ದಿ, ಅರ್ಧ ಚಿನ್ನವನ್ನು ಆ ನೀರಿನಲ್ಲೇ ಕರಗಿಸಿಕೊಂಡು ಹೋಗುವ ಖದೀಮರು. ಬೇರೆ ಬೀದಿಯಲ್ಲಿ ಒಬ್ಬ ಅಜ್ಜಿಯ ಮಾಂಗಲ್ಯದ ಸರ ಹಗುರಾಯಿತು. ಸುದ್ದಿ ಎಲ್ಲರ ಫೋನಿಗೂ ಹೋಯಿತು. ಅದರ ಮುಂದಿನ ಸಲ ನಾನು ಹೋದಾಗ ಬಡಾವಣೆಯ ಬಾಯಿಗೆ ಕಬ್ಬಿಣದ ಗೇಟು ಬಂದಿತ್ತು. ಪಕ್ಕದಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ತಮಗಿಂತ ದೊಡ್ಡ ಅಳತೆಯ ನೀಲಿ ಅಂಗಿ ತೊಟ್ಟ ಕಾವಲಿನವರು. ಮೇಲೊಂದು ಬೋರ್ಡು: ‘ಅನುಮತಿ ಇಲ್ಲದೆ ಮಾರಾಟಗಾರರಿಗೆ ಹಾಗೂ ಚಂದಾ ವಸೂಲಿಯವರಿಗೆ ಪ್ರವೇಶವಿಲ್ಲ.’

ಬೋರ್ಡು ಹಾಕಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಧ್ಯಾಹ್ನದ ಹೊತ್ತು ಒಬ್ಬಳೇ ಇದ್ದಾಗ ನಾನೂ ಗುರುತಿಲ್ಲದವರಿಗೆ ಚಿಲಕ ತೆಗೆಯುವವಳಲ್ಲ. ಆದರೆ ನಾನು ಗುರುತಿಲ್ಲದವಳೇ?

“ಅನುಮತಿ ಅಂದ್ರೆ ಯಾರ್ದಣ್ಣ?” ಎಂದು ಕಾವಲಿನವರನ್ನು ಕೇಳಿದೆ.

“ನನ್ನ ಕೇಳಿದ್ರೆ ಹೆಂಗಮ್ಮ? ಬೋರ್ಡ್ ಬರೆದೋರ್ನ ಕೇಳ್ಬೇಕು.”

“ನಾನು ವಾರ ವಾರ ಬರ್ತೀನಿ. ಒಳಗೆ ಯಾರನ್ನ ಕೇಳಿದ್ರೂ ಹೇಳ್ತಾರೆ.”

“ಇರಬೌದಮ್ಮ. ನಾನು ಬಂದು ನಾಕ್ ದಿನ ಆಯ್ತು. ನಂಗೆ ಎಲ್ರೂ ಹೊಸಬರೇ.”

ಅವರು ಮಂಚೇನಹಳ್ಳಿಯ ಕಡೆಯವರು, ನನಗಿಂತ ವಯಸ್ಸಾದವರು. ಒರಟಾಗಿ ಮಾತಾಡಲಿಲ್ಲ. ಬಡಾವಣೆಯ ಸಂಘದವರಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಉತ್ತರವನ್ನು ಹಾಗೆಯೇ ಒಪ್ಪಿಸಿದರು: ಊರಿನ ನಗರಸಭೆ ಕಚೇರಿಯಿಂದ ಪರ್ಮಿಷನ್ ತರಬೇಕಂತೆ, ತಂದರೆ ಬಿಡಬಹುದಂತೆ, ರೂಲ್ಸ್ ಅಂದರೆ ಎಲ್ಲರಿಗೂ ಒಂದೇ ಅಂತೆ.

ಗೇಟಿನ ಎದುರಿಗೆ ರಸ್ತೆಯಾಚೆ ಬಸ್ ನಿಲ್ಲುವ ಜಾಗ. ಅಲ್ಲೊಂದು ಹೊಂಗೆಮರ, ಅದರ ಕೆಳಗೆ ಕಲ್ಲುಬೆಂಚು. ಯಾರದೋ ಜ್ಞಾಪಕಾರ್ಥ ಎಂದು ಬೆಂಚಿನ ಬೆನ್ನಿಗೆ ಕೆತ್ತಿಸಿದ್ದಾರೆ, ಹೆಸರಿನ ಭಾಗ ಸವೆದಿದೆ. ಅಷ್ಟು ವರ್ಷವೂ ನಾನು ಬಸ್ಸಿಳಿದ ಮೇಲೆ ಅದರ ಮೇಲೆ ಕೂತು, ಮಂಡಿ ನೀವಿಕೊಂಡು, ನೀರು ಕುಡಿದು ಒಳಗೆ ಹೋಗುತ್ತಿದ್ದೆ. ಅವತ್ತು ಕೂತು ನೀರು ಕುಡಿದು ಬಂದ ಬಸ್ಸಿಗೇ ವಾಪಸು ಹತ್ತಿದೆ.

ಕಚೇರಿಗೆ ಹೋದಾಗ ಒಬ್ಬ ಗುಮಾಸ್ತರು ಟೀ ಕುಡಿಯುತ್ತಿದ್ದರು. ಗುಮಾಸ್ತರ ಮಗಳು ನಾನು, ಟೀ ಮುಗಿಯುವವರೆಗೆ ಕಾಯಬೇಕೆಂದು ಬಲ್ಲೆ. ಲೋಟ ಕೆಳಗಿಟ್ಟು ಕೇಳಿದರು, “ಬೀದಿ ಬದಿ ವ್ಯಾಪಾರಿನಾ?”

“ಅಲ್ಲ ಸಾರ್, ಮನೆ ಮನೆಗೆ ಹೋಗಿ ಮಾರ್ತೀನಿ.”

“ಹಂಗಾದ್ರೆ ನಮಗೆ ಬರಲ್ಲಮ್ಮ. ರಸ್ತೆ ನಮ್ದು, ಫುಟ್‌ಪಾತ್ ನಮ್ದು. ಮನೆ ಬಾಗ್ಲು ನಮ್ದಲ್ಲ.”

“ಬಾಗಿಲಿಗೆ ಹೋಗ್ಬೇಕಾದ್ರೆ ರಸ್ತೆ ಮೇಲೇ ನಡೀಬೇಕಲ್ಲ ಸಾರ್?”

“ನಡಿಯೋಕೆ ಯಾವ ಪರ್ಮಿಷನ್ನೂ ಬೇಡ, ನಡೀರಿ,” ಎಂದು ನಕ್ಕರು. ನನಗೂ ನಗು ಬಂತು. ಮನೆ ಬಾಗಿಲಿಗೆ ಹೋಗಿ ಮಾರುವವರಿಗೆ ಅನುಮತಿ ಕೊಡುವ ಕಾಗದ ತಮ್ಮ ಮೇಜಿನಲ್ಲಿ ಇಲ್ಲವೇ ಇಲ್ಲ, ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆ ಎಂದರು. ನನಗೆ ಅವರ ಮಾತಿನಲ್ಲಿ ನಂಬಿಕೆ ಬಂತು. ಆದರೂ ಬರಿಗೈಲಿ ಕಳಿಸಬಾರದೆಂದೋ ಏನೋ, “ಮುಂದಿನ ಟೇಬಲ್ಲಿಗೆ ಹೋಗಿ ನೋಡಿ,” ಎಂದರು.

ಮುಂದಿನ ಟೇಬಲ್ಲಿನವರು ಅದರ ಮುಂದಿನ ಟೇಬಲ್ಲಿಗೆ ಕಳಿಸಿದರು. ಅಲ್ಲಿದ್ದ ಮೇಡಮ್ಮು ಸ್ವಲ್ಪ ಯೋಚನೆ ಮಾಡಿ ಒಂದು ದಾರಿ ಹೇಳಿದರು. ಬೀದಿ ವ್ಯಾಪಾರಿಗಳ ಸರ್ವೆ ನಡೆಯುತ್ತಿದೆ, ಅದರಲ್ಲಿ ನನ್ನ ಹೆಸರು ಸೇರಿದರೆ ಫೋಟೋ ಇರುವ ಗುರುತಿನ ಚೀಟಿ ಬರುತ್ತದೆ, ಸರ್ಕಾರದ ಚೀಟಿ ಕೈಯಲ್ಲಿರುವಾಗ ಗೇಟಿನಲ್ಲಿ ಯಾರು ತಡೆಯುತ್ತಾರೆ? ಆದರೆ ಸರ್ವೆಯವರು ಬಂದಾಗ ನಾನು ವ್ಯಾಪಾರ ಮಾಡುವ ಜಾಗದಲ್ಲೇ ಇರಬೇಕು. ಯಾವತ್ತು ಬರುತ್ತಾರೆಂದು ಕೇಳಿದೆ. ಬರುತ್ತಾರೆ ಎಂದರು.

ಹೀಗಾಗಿ ಕೆಲವು ವಾರ ನಾನು ಉಳಿದ ಊರು ಬಿಟ್ಟು ಬಂದು ಆ ಹೊಂಗೆಮರದ ಕೆಳಗೆ ಗಂಟು ಇಟ್ಟುಕೊಂಡು ಕಾದೆ. ಎದುರಿಗೆ ಗೇಟು. ಒಳಗೆ ನನ್ನ ಮನೆಗಳು. ನನ್ನ ಮನೆಗಳು ಎಂದು ಬರೆದೆ, ತಿದ್ದುವುದಿಲ್ಲ. ಗೇಟಿನಿಂದ ಕಾರುಗಳು ಬರುತ್ತಿದ್ದವು, ಹೋಗುತ್ತಿದ್ದವು, ಗಾಜು ಏರಿಸಿಕೊಂಡು. ನನ್ನನ್ನು ಕಂಡವರು ಬಸ್ಸಿಗೆ ಕಾಯುತ್ತಿದ್ದಾಳೆ ಎಂದುಕೊಂಡಿರಬೇಕು.

ಕೊನೆಗೊಂದು ದಿನ ಸರ್ವೆಯವಳು ಬಂದಳು. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಫೋನು, ಹೆಗಲಲ್ಲಿ ಬ್ಯಾಗು, ಮುಖದಲ್ಲಿ ಬಿಸಿಲು. ನನ್ನ ಮಗಳಷ್ಟಿದ್ದಾಳು. ಬಂದವಳೇ ಬೆಂಚಿನ ಮೇಲೆ ಕುಸಿದು ಕೂತಳು. ನನ್ನ ನೀರಿನ ಬಾಟಲಿ ಕೊಟ್ಟೆ.

“ಮನೆ ಮನೆಗೂ ಹೋಗಿದ್ದೆ ಅಕ್ಕ ಬೆಳಗ್ಗೆ, ಬೇರೆ ಸರ್ವೆಗೆ. ಬಾಗ್ಲೇ ತೆಗೆಯಲ್ಲ. ಐಡಿ ಕಾರ್ಡ್ ತೋರಿಸಿದ್ರೂ ಮುಂದಕ್ಕೆ ಹೋಗಮ್ಮ ಅಂತಾರೆ,” ಎಂದಳು.

ಅವಳ ಮೇಲೆ ಒಮ್ಮೆಲೇ ನನಗೆ ಅಕ್ಕರೆ ಬಂತು. ನಾನು ಬಟ್ಟೆ ಮಾರುವವಳು, ಒಳಗಿನ ಮನೆಗಳಿಗೆ ಹೋಗುವವಳು, ಇಲ್ಲಿ ಸುಮ್ಮನೆ ಕೂತಿದ್ದೇನೆ ಎಂದು ಎಲ್ಲವನ್ನೂ ಹೇಳಿದೆ. ಅವಳು ಫೋನು ಒತ್ತುತ್ತಾ ಹೋದಳು.

“ಸಂಚಾರಿ ಅಂತ ಹಾಕ್ಲಾ ಅಕ್ಕ? ಓಡಾಡ್ಕೊಂಡು ಮಾರೋರು ಅಂತ.”

“ಹಾಕಮ್ಮ, ಅದೇ ಸರಿ.”

ಒತ್ತಿದಳು, ಹುಬ್ಬು ಗಂಟಿಕ್ಕಿದಳು. “ಗಾಡಿ ಫೋಟೋ ಕೇಳ್ತೈತೆ. ತಳ್ಳೋ ಗಾಡಿ, ಸೈಕಲ್ಲು, ಏನಾದ್ರೂ ಐತಾ?”

“ಕಾಲೈತೆ.”

ಇಬ್ಬರೂ ನಕ್ಕೆವು. ಮತ್ತೆ ಹಿಂದಕ್ಕೆ ಹೋಗಿ, ಇನ್ನೊಂದು ಒತ್ತಿ, ನಿಟ್ಟುಸಿರುಬಿಟ್ಟಳು. “ಒಂದು ಜಾಗ ಹಾಕ್ದಿದ್ರೆ ಇದು ಮುಂದಕ್ಕೇ ಹೋಗಲ್ಲ ಅಕ್ಕ. ಇದೇ ಮರ ಹಾಕ್ಬಿಡ್ತೀನಿ. ಚೀಟಿ ಬಂದ್ರೆ ಸಾಕಲ್ವಾ ನಿಮಗೆ? ನಗಿ ಸ್ವಲ್ಪ.”

ನಾನು ಸೆರಗು ಸರಿಮಾಡಿಕೊಂಡು, ಗಂಟಿನ ಮೇಲೆ ಕೈಯಿಟ್ಟು ನಕ್ಕೆ. ಅವಳು ಫೋಟೋ ತೆಗೆದು, ಬಾಟಲಿ ವಾಪಸು ಕೊಟ್ಟು, ಮುಂದಕ್ಕೆ ಹೋದಳು. ಒಳ್ಳೆಯದನ್ನೇ ಮಾಡಬೇಕೆಂದು ಮಾಡಿದಳು, ಈಗಲೂ ಅವಳ ಮೇಲೆ ನನಗೆ ಬೇಸರವಿಲ್ಲ.

ಚೀಟಿ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಚೀಟಿ, ಅದರಲ್ಲಿ ನನ್ನ ನಗು, ಹಿಂದೆ ಹೊಂಗೆಮರದ ಕಾಂಡ. ಯಜಮಾನರು ಅದನ್ನು ದೀಪದ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. ನನ್ನ ಪೂರ್ತಿ ಹೆಸರು, ಅದರ ಕೆಳಗೆ ಅವರ ಹೆಸರು, ಅದರ ಕೆಳಗೆ ‘ಸ್ಥಿರ ವ್ಯಾಪಾರಿ’. ಆ ಮಾತಿನ ಹತ್ತಿರ ಅವರ ದನಿ ಸ್ವಲ್ಪ ಏರಿತು. ಆ ಪದವನ್ನು ಅವರು ಎರಡನೇ ಸಲ ಓದಿದರು. ನಾನಂತೂ ಆ ಸಾಲಿಗೆ ಬೆಲೆ ಕೊಡಲಿಲ್ಲ. ಫೋಟೋ ಇದೆ, ಮೊಹರು ಇದೆ, ಇನ್ನು ಗೇಟು ತೆರೆಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಅವತ್ತು ರಾತ್ರಿ ಆ ಅಮ್ಮನಿಗೆಂದು ಮುಂದೆ ಗುಂಡಿಯ ನೈಟಿಗಳನ್ನು ಆರಿಸಿ, ನೀಲಿ ಇರುವುದನ್ನು ಬೇರೆ ತೆಗೆದು, ಉಳಿದವನ್ನು ಗಂಟಿನ ಮೇಲ್ಗಡೆಗೆ ಇಟ್ಟುಕೊಂಡೆ.

ಗೇಟಿನಲ್ಲಿ ಕಾವಲಿನವರು ಚೀಟಿಯನ್ನು ಕಣ್ಣಿಗೆ ಹತ್ತಿರ, ಆಮೇಲೆ ದೂರ ಹಿಡಿದು ನೋಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

“ಸ್ಥಿರ ವ್ಯಾಪಾರಿ ಅಂತೈತಲ್ಲಮ್ಮ. ಜಾಗ, ಬಸ್ ಸ್ಟಾಪು, ಹೊಂಗೆಮರದ ಕೆಳಗೆ.” ತಲೆಯೆತ್ತಿ ನನ್ನ ಹಿಂದಕ್ಕೆ ಕೈ ತೋರಿಸಿದರು. “ಅಗೋ, ಅಲ್ಲೇ ಐತೆ ನಿಮ್ಮ ಜಾಗ. ಒಳಗೆ ಬಿಡ್ಬೇಕು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ.”

ಆ ಚೀಟಿಯ ಪ್ರಕಾರ, ನಾನು ಯಾವತ್ತೂ ಒಂದು ಕರ್ಚೀಫನ್ನೂ ಮಾರದ, ಬರೀ ಮಂಡಿ ನೀವಿಕೊಂಡ ಜಾಗವೇ ನನ್ನ ಅಂಗಡಿ. ನಾನು ಕಾಲು ಸವೆಸಿದ ಬೀದಿಗಳಿಗೂ ನನಗೂ ಸಂಬಂಧವೇ ಇಲ್ಲ.

ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. “ಒಂದು ಕೆಲ್ಸ ಮಾಡಣ. ಯಾರಾದ್ರೂ ಮನೆಯೋರು ಫೋನಲ್ಲಿ ‘ಹೂಂ, ಕಳ್ಸು’ ಅಂದ್ರೆ ನಾನು ಬಿಡಬೌದು. ಯಾರ ಮನೆಗೆ ಮಾಡ್ಲಿ?”

“ಮೂಲೆ ಮನೆ. ತುಳಸಿಕಟ್ಟೆ ಐತೆ.”

“ಇಲ್ಲಿ ತುಳಸಿಕಟ್ಟೆ ಇಲ್ದಿರೋ ಮನೆ ಯಾವ್ದಮ್ಮ? ಹೆಸ್ರು ಹೇಳಿ.”

“ಹೆಸರು ಗೊತ್ತಿಲ್ಲಣ್ಣ. ಮೇಷ್ಟ್ರು, ರಿಟೈರ್ ಆದೋರು. ಉಲ್ಲನ್ ಟೊಪ್ಪಿ ಹಾಕ್ಕೊಂಡು ಬೆಳಗ್ಗೆ ವಾಕಿಂಗ್ ಬರ್ತಾರೆ.”

“ಓ, ಟೊಪ್ಪಿ ಮೇಷ್ಟ್ರು,” ಎಂದು ಫೋನು ಒತ್ತಿದರು. ಅವರಿಗೂ ಹೆಸರು ಗೊತ್ತಿದ್ದಂತಿರಲಿಲ್ಲ. ಕಿವಿ ಮಂದವೇನೋ, ಫೋನನ್ನು ಸ್ಪೀಕರಿಗೆ ಹಾಕಿ ಅಂಗೈಯಲ್ಲಿ ಹಿಡಿದುಕೊಂಡರು. ಎತ್ತಿದ್ದು ಆ ಅಮ್ಮನೇ. ‘ಹಲೋ’ ಎಂಬ ಒಂದೇ ಮಾತಿಗೆ ನನಗೆ ಫ್ಯಾನಿನ ಗಾಳಿ, ಕಾಫಿಯ ವಾಸನೆ ಎರಡೂ ಬಂದಂತಾಯಿತು.

“ಗೇಟಿಂದ ಅಮ್ಮ. ಇಲ್ಲಿ ಒಬ್ರು ಬಂದವ್ರೆ. ನಿಮಗೆ ಗೊತ್ತಂತೆ,” ಎಂದು ಹೇಳಿ ಚೀಟಿ ನೋಡಿಕೊಂಡು ನನ್ನ ಹೆಸರನ್ನು, ಯಜಮಾನರ ಹೆಸರನ್ನೂ ಸೇರಿಸಿ, ಸ್ಕೂಲಿನಲ್ಲಿ ಹಾಜರಿ ಕೂಗುವಂತೆ ಪೂರ್ತಿ ಓದಿದರು.

ಆ ಕಡೆಯಿಂದ ಅಮ್ಮನ ದನಿ ಬಂತು. “ಆ ಹೆಸರಿನೋರು ನಂಗ್ಯಾರೂ ಗೊತ್ತಿಲ್ಲಪ್ಪ. ಸೇಲ್ಸಿನೋರಾ? ಮುಂದಕ್ಕೆ ಹೋಗೋಕೆ ಹೇಳು.”

ಫೋನು ಇನ್ನೂ ಕಟ್ಟಾಗಿರಲಿಲ್ಲ. ‘ಅಮ್ಮ, ನಾನು, ಬಟ್ಟೆಯಮ್ಮ’ ಎಂದು ಒಂದು ಮಾತು ಕೂಗಿದ್ದರೆ ಆಗುತ್ತಿತ್ತು. ಅವರು ಗೇಟಿನವರೆಗೆ ಬರುವವರು, ನನಗದು ಗೊತ್ತು. ಕೂಗಲಿಲ್ಲ. ಯಾಕೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಮೇಲೆ ಸಿಟ್ಟೇ? ಅವರದೇನು ತಪ್ಪು, ನಾನು ಹೇಳದ ಹೆಸರು ಅವರಿಗೆ ಹೇಗೆ ಗೊತ್ತಾಗಬೇಕು? ಆದರೂ ನೋವಾಯಿತು, ತುಂಬಾ ನೋವಾಯಿತು. ಮದುವೆಯಾದ ಮೇಲೆ ಮನೆಯ ಹೊರಗೆ ನನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಓದಿರಲಿಲ್ಲ. ಅದನ್ನು ಕೇಳಿದವರು ಗೊತ್ತಿಲ್ಲ ಎಂದಮೇಲೆ, ಆ ಹೆಸರನ್ನು ಅಲ್ಲೇ ಕೆಳಗೆ ಬಿಟ್ಟು ಮತ್ತೆ ಬಟ್ಟೆಯಮ್ಮ ಆಗಲು ನಾಲಗೆ ಏಳಲಿಲ್ಲ. ಕಾವಲಿನವರು ಚೀಟಿ ವಾಪಸು ಕೊಟ್ಟರು. ನನ್ನ ಕಣ್ಣು ತಪ್ಪಿಸಿ ಗೇಟಿನ ಅಗುಳಿ ಸರಿಮಾಡಿದರು.

ರಸ್ತೆ ದಾಟಿ ಬಂದು ಬೆಂಚಿನ ಮೇಲೆ ಕೂತೆ. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು. ಸುಮ್ಮನೆ ಕೂರುವುದಕ್ಕಿಂತ ವಾಸಿ ಎಂದು ಗಂಟು ಬಿಚ್ಚಿ, ಬೆಂಚಿನ ಮೇಲೆ ಬೆಡ್‌ಶೀಟ್ ಹಾಸಿ ಬಟ್ಟೆ ಹರಡಿದೆ. ಬಸ್ಸಿಗೆ ಬಂದ ಗಾರ್ಮೆಂಟ್ಸ್ ಹುಡುಗಿಯೊಬ್ಬಳು ಒಂದು ಲಂಗ ತೆಗೆದುಕೊಂಡಳು.

ಈಗ ನಾನು ಇಲ್ಲೇ ಕೂರುತ್ತೇನೆ. ಬೇರೆ ಊರಿಗೆ ಹೋಗುವುದನ್ನು ಮಂಡಿಯೇ ನಿಲ್ಲಿಸಿತು. ಒಳಗಿನ ಮನೆಗಳಲ್ಲಿ ನಡೆಯುತ್ತಿದ್ದ ವ್ಯಾಪಾರ ಇಲ್ಲಿಲ್ಲ, ಮನೆಯಲ್ಲಿ ಹಾಲು ಕಡಿಮೆ ಮಾಡಿದ್ದೇವೆ, ಯಜಮಾನರು ರೇಷ್ಮೆನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ಹಗಲು ಕಾವಲಿಗೆ ಸೇರಿದ್ದಾರೆ. ಅದೂ ಕೂತು ಮಾಡುವ ಕೆಲಸವೇ. ನಾನು ಕೂರಲು ಶುರುಮಾಡಿದೆನೆಂದು ಅವರಿಗೆ ಒಳಗೊಳಗೇ ಸಮಾಧಾನ. “ಈಗ ನೋಡು, ಇದು ವ್ಯಾಪಾರ,” ಎಂದು ಕಾರ್ಡ್‌ಬೋರ್ಡಿನ ಮೇಲೆ ದರ ಬರೆದುಕೊಟ್ಟಿದ್ದಾರೆ. ಬರೆಯುವುದಕ್ಕೂ ನನಗೆ ಪುರುಸೊತ್ತು ಸಿಕ್ಕಿದೆ. ಬಸ್ಸಿಗೂ ಬಸ್ಸಿಗೂ ನಡುವೆ ಗಿರಾಕಿ ಇರುವುದಿಲ್ಲ.

ಒಮ್ಮೆ ಚರಂಡಿ ಕೆಲಸದವರು ಬಂದು, “ಅಮ್ಮ, ಸ್ವಲ್ಪ ಮುಂದಕ್ಕೆ ಹೋಗಿ ಕೂತ್ಕೊಳ್ಳಿ,” ಎಂದರು. ಚೀಟಿ ತೆಗೆದು ತೋರಿಸಿದೆ. ಓದಿದರು, ಮರ ನೋಡಿದರು, ನನ್ನ ಬೆಂಚನ್ನು ಬಿಟ್ಟು ಆಚೆಯಿಂದ ಅಗೆದರು. ಅಷ್ಟು ವರ್ಷದಲ್ಲಿ ಆ ಮಾತು ಕೇಳಿದ ಮೇಲೂ ನಾನು ಏಳದೆ ಕೂತದ್ದು ಅದೊಂದೇ ಸಲ. ಖುಷಿಯಾಗಬೇಕಿತ್ತು. ಧೂಳಿಗೆ ಬಟ್ಟೆ ಮುಚ್ಚುವುದರಲ್ಲೇ ಸಂಜೆಯಾಯಿತು.

ಹೋದ ವಾರ ಒಂದು ಆಟೋ ಬಂದು ಮರದ ಹತ್ತಿರ ನಿಂತಿತು. ಊರುಗೋಲು ಮೊದಲು ಇಳಿಯಿತು, ಅದರ ಹಿಂದೆ ಆ ಅಮ್ಮ. ಆಸ್ಪತ್ರೆಗೆ ಹೋಗಿ ಬಂದವರು, ಕೈಯಲ್ಲಿ ಎಕ್ಸ್‌ರೇ ಕವರು. ನನ್ನನ್ನು ಕಂಡು ಮುಖವೆಲ್ಲ ಅರಳಿಸಿಕೊಂಡು ಬಂದರು.

“ಏನ್ರಮ್ಮ ಬಟ್ಟೆಯಮ್ಮ, ನಮ್ಮನೆ ಮರ್ತೇಬಿಟ್ರಲ್ಲ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಕಾಯ್ತಾನೇ ಇದೀನಿ. ಇರೋ ನೈಟಿ ಎಲ್ಲ ಹರಿದುಹೋಗಿದೆ ನೋಡಿ.”

“ಬಂದಿದ್ದೆ ಅಮ್ಮ. ಗೇಟಿಂದ ಫೋನ್ ಮಾಡಿದ್ರು ನಿಮಗೆ.”

“ನಂಗ್ಯಾರು ಮಾಡಿದ್ರು? ಬಟ್ಟೆಯಮ್ಮ ಬಂದವ್ರೆ ಅಂದಿದ್ರೆ ನಾನೇ ಬರ್ತಿದ್ನಲ್ಲ.” ಅಷ್ಟು ಹೇಳಿ ನಿಲ್ಲಿಸಿದರು. ಊರುಗೋಲಿನ ಮೇಲೆ ಎರಡೂ ಕೈ ಊರಿದರು. “ಯಾವ್ದೋ ಹೆಸರು ಹೇಳಿದ್ರು ಒಂದಿನ. ಉದ್ದಕ್ಕೆ. ಅದು ನೀವಾ?”

“ಹೂಂ ಅಮ್ಮ. ಅದು ನನ್ನ ಹೆಸರು.”

ಅವರು ಆ ಹೆಸರನ್ನು ನೆನಪು ಮಾಡಿಕೊಂಡು ಒಮ್ಮೆ ಮೆಲ್ಲಗೆ ಹೇಳಿದರು. ಸರಿಯಾಗಿಯೇ ಹೇಳಿದರು. ಅವರ ಕಣ್ಣಂಚು ಒದ್ದೆಯಾಯಿತು. “ನನ್ನ ಬಾಯಿಗೆ ಬೆಂಕಿ ಹಾಕ,” ಎಂದರು. ಆಮೇಲೆ ನನ್ನ ಮೊಣಕೈ ಹಿಡಿದು, “ಏಳಿ. ಗಂಟು ಕಟ್ಟಿ. ನನ್ನ ಜೊತೇಲಿ ಬನ್ನಿ, ಗೇಟಲ್ಲಿ ನಾನು ಹೇಳ್ತೀನಿ. ಯಾರು ತಡೀತಾರೆ ನೋಡಣ,” ಎಂದರು.

ತಿಂಗಳುಗಟ್ಟಲೆ ಆ ಬೆಂಚಿನ ಮೇಲೆ ಕೂತು ನಾನು ಕಾದದ್ದು ಈ ಮಾತಿಗೇ. ಎದುರಿಗೆ ಗೇಟಿತ್ತು. ಅಂಗೈ ಊರಿ ಏಳಲು ನೋಡಿದೆ. ಬಟ್ಟೆ ಹರಡಿತ್ತು, ಮಂಡಿ ಬಿಗಿದಿತ್ತು. ಇವತ್ತು ಇವರ ಜೊತೆ ಹೋಗಬಹುದು, ಮುಂದಿನ ವಾರ ಯಾರ ಜೊತೆ ಎಂಬ ಯೋಚನೆಯೂ ಬಂತು. ಎದ್ದದ್ದು ಅರ್ಧಕ್ಕೇ ನಿಂತಿತು.

“ನೀವು ಮುಂದಕ್ಕೆ ಹೋಗಿರಮ್ಮ,” ಎಂದೆ.

ಜೊತೆಯಲ್ಲಿ ಹೊರಟವರಿಗೆ ನಾವೆಲ್ಲ ಹೇಳುವ ಮಾತೇ ಅದು. ನೀವು ಮುಂದಕ್ಕೆ ಹೋಗಿರಿ, ನಾನು ಹಿಂದೆ ಬರ್ತೀನಿ. ಮೊದಲರ್ಧ ಬಂತು, ಉಳಿದರ್ಧ ಬಾಯಿಗೆ ಬರಲಿಲ್ಲ. ಅಮ್ಮ ಆ ಉಳಿದರ್ಧಕ್ಕಾಗಿ ಸ್ವಲ್ಪ ಹೊತ್ತು ಕಾದರು. ನನ್ನ ಮೊಣಕೈ ಮೇಲಿದ್ದ ಅವರ ಕೈ ಇನ್ನೂ ಅಲ್ಲೇ ಇತ್ತು. ಆಮೇಲೆ ಅವರಿಗೆ ಏನೋ ತಿಳಿದಂತಾಯಿತು. ಕೈ ತೆಗೆದು, ಎಕ್ಸ್‌ರೇ ಕವರನ್ನು ಕಂಕುಳಿಗೆ ಸೇರಿಸಿ, ಊರುಗೋಲು ಊರುತ್ತಾ ರಸ್ತೆ ದಾಟಿದರು. ಕಾವಲಿನವರು ದೂರದಿಂದಲೇ ನೋಡಿ ಎದ್ದು ಗೇಟು ತೆರೆದರು. ಅಮ್ಮನ ಹೆಸರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.